ಡಾಕರ್ ದತ್ತಾಂಶ ಕೋಶದ ಸ್ಥಳಾಂತರ

ಡಾಕರ್ ದತ್ತಾಂಶ ಕೋಶದ ಸ್ಥಳಾಂತರ ಎಂದರೆ, ಲಿನಕ್ಸ್ ಗಣಕಯಂತ್ರದಲ್ಲಿ ಡಾಕರ್ ಎಂಜಿನ್ ತನ್ನ ಇಮೇಜ್, ಕಂಟೇನರ್, ವಾಲ್ಯೂಮ್ ಮತ್ತು ಲಾಗ್‌ಗಳನ್ನು ಇರಿಸಿಕೊಳ್ಳುವ ಕಡತಕೋಶವನ್ನು ಅದರ ಪೂರ್ವನಿಯೋಜಿತ ಸ್ಥಾನದಿಂದ ಬೇರೊಂದು ಡಿಸ್ಕ್ ಅಥವಾ ಪಾರ್ಟಿಷನ್‌ಗೆ ಸಾಗಿಸುವ ಕಾರ್ಯ. ಈ ಪೂರ್ವನಿಯೋಜಿತ ಸ್ಥಾನ /ವಾರ್/ಲಿಬ್/ಡಾಕರ್. ಸಾಮಾನ್ಯವಾಗಿ ಕಾರ್ಯಾಚರಣ ವ್ಯವಸ್ಥೆ ಇರುವ ಡಿಸ್ಕಿನಲ್ಲಿ ಜಾಗ ತೀರುತ್ತ ಬಂದಾಗ ಈ ಕಾರ್ಯವನ್ನು ಕೈಗೊಳ್ಳಲಾಗುತ್ತದೆ.

ಸಂರಚನೆಯ ದೃಷ್ಟಿಯಿಂದ ಇದು ಒಂದೇ ಸಾಲಿನ ಬದಲಾವಣೆ. ಆದರೆ ಸಾಗಿಸಬೇಕಾದ ಕಡತಗಳು ಸಾಮಾನ್ಯ ದಾಖಲೆಗಳಂತಲ್ಲ. ಅವುಗಳ ಮಾಲೀಕತ್ವ, ಅನುಮತಿ, ವಿಸ್ತೃತ ಗುಣಲಕ್ಷಣಗಳು ಮತ್ತು ಪರಸ್ಪರ ಕೊಂಡಿಗಳು ಕಡತಗಳಲ್ಲಿರುವ ಮಾಹಿತಿಯಷ್ಟೇ ಮುಖ್ಯ. ನಕಲು ಮಾಡುವಾಗ ಇವು ಕಳೆದುಹೋದರೆ ಕಂಟೇನರ್‌ಗಳು ಆರಂಭವಾಗದಿರಬಹುದು, ಅಥವಾ ಆರಂಭವಾಗಿಯೂ ತಪ್ಪಾಗಿ ವರ್ತಿಸಬಹುದು. ಆದ್ದರಿಂದ ಸೇವೆಯನ್ನು ಪೂರ್ಣವಾಗಿ ನಿಲ್ಲಿಸುವುದು, ಎಲ್ಲ ಗುಣಲಕ್ಷಣಗಳೊಂದಿಗೆ ನಕಲು ಮಾಡುವುದು ಮತ್ತು ಹೊಸ ಪ್ರತಿ ಸರಿಯಿದೆ ಎಂದು ಖಚಿತವಾಗುವವರೆಗೆ ಹಳೆಯ ಪ್ರತಿಯನ್ನು ಅಳಿಸದಿರುವುದು ಈ ಕಾರ್ಯದ ಮೂರು ಮೂಲ ನಿಯಮಗಳು.

ಈ ಲೇಖನದಲ್ಲಿ ಆಜ್ಞೆ, ಕಡತ ಹಾಗೂ ಆಯ್ಕೆಗಳ ಹೆಸರುಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಗಣಕಯಂತ್ರದಲ್ಲಿ ಅವನ್ನು ರೋಮನ್ ಲಿಪಿಯಲ್ಲಿಯೇ ಬರೆಯಬೇಕು.

## ಹಿನ್ನೆಲೆ

ಡಾಕರ್ ತಂತ್ರಾಂಶವನ್ನು ಡಾಟ್‌ಕ್ಲೌಡ್ ಸಂಸ್ಥೆಯ ಸಾಲೊಮನ್ ಹೈಕ್ಸ್ ಅವರು 2013ರ ಮಾರ್ಚ್‌ನಲ್ಲಿ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಕಾನ್ ಸಮ್ಮೇಳನದಲ್ಲಿ ಮೊದಲ ಬಾರಿಗೆ ಸಾರ್ವಜನಿಕವಾಗಿ ಪ್ರದರ್ಶಿಸಿದರು. ಅದರ 1.0 ಆವೃತ್ತಿ 2014ರ ಜೂನ್‌ನಲ್ಲಿ ಬಿಡುಗಡೆಯಾಯಿತು. ಒಂದು ಅನ್ವಯ ತಂತ್ರಾಂಶವನ್ನು ಅದಕ್ಕೆ ಬೇಕಾದ ಎಲ್ಲ ಕಡತಗಳ ಸಮೇತ ಒಂದು ಇಮೇಜ್ ಆಗಿ ಕಟ್ಟಿ, ಯಾವುದೇ ಲಿನಕ್ಸ್ ಗಣಕಯಂತ್ರದಲ್ಲಿ ಕಂಟೇನರ್ ರೂಪದಲ್ಲಿ ನಡೆಸಲು ಡಾಕರ್ ಅನುವು ಮಾಡಿಕೊಡುತ್ತದೆ.

ಇಮೇಜ್‌ಗಳು ಒಂದರ ಮೇಲೊಂದು ಕುಳಿತ ಪದರಗಳಿಂದಾಗುತ್ತವೆ. ಆರಂಭದ ಆವೃತ್ತಿಗಳಲ್ಲಿ ಈ ಪದರಗಳ ಸಂಬಂಧಜಾಲವನ್ನು ಗ್ರಾಫ್ ಎಂದು ಕರೆಯಲಾಗುತ್ತಿತ್ತು. ದತ್ತಾಂಶ ಕೋಶದ ಸ್ಥಾನವನ್ನು ಬದಲಿಸುವ ಆಯ್ಕೆಗೂ ಅದೇ ಹೆಸರಿತ್ತು. 2017ರಲ್ಲಿ ಬಂದ 17.05 ಆವೃತ್ತಿಯಲ್ಲಿ ಅದರ ಬದಲಿಗೆ ಡೇಟಾ-ರೂಟ್ ಎಂಬ ಹೆಸರನ್ನು ತರಲಾಯಿತು. ಗ್ರಾಫ್ ಆಯ್ಕೆಯನ್ನು ಮುಂದಿನ ಆವೃತ್ತಿಗಳಲ್ಲಿ ಕೈಬಿಡಲಾಗಿದೆ. ಹಳೆಯ ಮಾರ್ಗದರ್ಶಿಗಳನ್ನು ನೋಡಿ ಗ್ರಾಫ್ ಎಂದು ಬರೆದಾಗ ಹೊಸ ಆವೃತ್ತಿಯ ಡಾಕರ್ ಆರಂಭವಾಗದಿರುವುದಕ್ಕೆ ಇದೇ ಕಾರಣ.

ದತ್ತಾಂಶ ಕೋಶವು /ವಾರ್/ಲಿಬ್ ಅಡಿಯಲ್ಲಿರುವುದು ಲಿನಕ್ಸ್ ಕಡತಕೋಶಗಳ ವಿನ್ಯಾಸವನ್ನು ನಿರೂಪಿಸುವ ಎಫ್‌ಎಚ್‌ಎಸ್ ಎಂಬ ಮಾನದಂಡಕ್ಕೆ ಅನುಗುಣವಾಗಿದೆ. ಕಾರ್ಯಕ್ರಮಗಳು ನಡೆಯುವಾಗ ಬದಲಾಗುತ್ತ ಹೋಗುವ, ಗಣಕಯಂತ್ರವನ್ನು ಮರು ಆರಂಭಿಸಿದರೂ ಉಳಿಯಬೇಕಾದ ದತ್ತಾಂಶಕ್ಕೆ ಈ ಮಾನದಂಡ ಆ ಸ್ಥಳವನ್ನು ಮೀಸಲಿಟ್ಟಿದೆ. ಅನೇಕ ಸರ್ವರ್‌ಗಳಲ್ಲಿ ಈ ಸ್ಥಳ ಕಾರ್ಯಾಚರಣ ವ್ಯವಸ್ಥೆಯ ಮೂಲ ಪಾರ್ಟಿಷನ್‌ನಲ್ಲೇ ಇರುತ್ತದೆ. ಜಾಗದ ಸಮಸ್ಯೆ ಹುಟ್ಟುವುದು ಇಲ್ಲಿಂದ.

## ಕಡತಕೋಶದ ರಚನೆ

ದತ್ತಾಂಶ ಕೋಶದಲ್ಲಿ ಹಲವು ಉಪಕೋಶಗಳಿವೆ. ಅವುಗಳಲ್ಲಿ ಮುಖ್ಯವಾದವು:

* ಓವರ್ಲೇ2 – ಇಮೇಜ್‌ಗಳ ಪದರಗಳು ಮತ್ತು ಪ್ರತಿ ಕಂಟೇನರ್‌ನ ಬರೆಯಬಲ್ಲ ಪದರ. ಸಾಮಾನ್ಯವಾಗಿ ಅತಿ ಹೆಚ್ಚು ಜಾಗ ಹಿಡಿಯುವ ಉಪಕೋಶಗಳಲ್ಲಿ ಇದೊಂದು.
* ಇಮೇಜ್ – ಯಾವ ಇಮೇಜ್ ಯಾವ ಪದರಗಳಿಂದಾಗಿದೆ ಎಂಬ ವಿವರ.
* ಕಂಟೇನರ್ಸ್ – ಪ್ರತಿ ಕಂಟೇನರ್‌ನ ಸಂರಚನೆ ಮತ್ತು ಜೇಸನ್ ರೂಪದ ಲಾಗ್ ಕಡತ.
* ವಾಲ್ಯೂಮ್ಸ್ – ಹೆಸರಿಸಿದ ವಾಲ್ಯೂಮ್‌ಗಳ ದತ್ತಾಂಶ.
* ಬಿಲ್ಡ್‌ಕಿಟ್ – ಇಮೇಜ್ ಕಟ್ಟುವಾಗ ಉಳಿಸಿಕೊಂಡ ಮಧ್ಯಂತರ ಸಂಗ್ರಹದ ವಿವರ.
* ನೆಟ್‌ವರ್ಕ್, ಪ್ಲಗಿನ್ಸ್, ಸ್ವಾರ್ಮ್ – ಜಾಲ, ಪೂರಕ ತಂತ್ರಾಂಶ ಹಾಗೂ ಸಮೂಹ ವ್ಯವಸ್ಥೆಯ ಮಾಹಿತಿ.

ಇವೆಲ್ಲವುಗಳ ಬೆಲೆ ಒಂದೇ ಅಲ್ಲ. ಇಮೇಜ್‌ಗಳು ಕಳೆದುಹೋದರೆ ಅವನ್ನು ಇಮೇಜ್ ಭಂಡಾರದಿಂದ ಮತ್ತೆ ಇಳಿಸಿಕೊಳ್ಳಬಹುದು ಅಥವಾ ಡಾಕರ್‌ಫೈಲ್‌ನಿಂದ ಮತ್ತೆ ಕಟ್ಟಬಹುದು. ಕಂಟೇನರ್‌ಗಳನ್ನು ಕಾಂಪೋಸ್ ಕಡತದ ನೆರವಿನಿಂದ ಮತ್ತೆ ಸೃಷ್ಟಿಸಬಹುದು. ವಾಲ್ಯೂಮ್‌ಗಳಲ್ಲಿರುವ ದತ್ತಸಂಚಯ, ಬಳಕೆದಾರರು ಸೇರಿಸಿದ ಚಿತ್ರಗಳು, ದಾಖಲೆಗಳು ಮಾತ್ರ ಬೇರೆಲ್ಲೂ ಇಲ್ಲದಿರಬಹುದು. ಸ್ಥಳಾಂತರದ ಅಪಾಯವನ್ನು ಅಳೆಯಬೇಕಾದದ್ದು ಇವುಗಳಿಂದ. ವಾಲ್ಯೂಮ್ ಬಳಸದೆ ಕಂಟೇನರ್‌ನ ಒಳಗೇ ಬರೆದ ದತ್ತಾಂಶವಿದ್ದರೆ ಅದು ಬರೆಯಬಲ್ಲ ಪದರದಲ್ಲಿ ಇರುತ್ತದೆ. ಕಂಟೇನರನ್ನು ಅಳಿಸಿದರೆ ಅದೂ ಅಳಿಯುತ್ತದೆ.

### ಪದರಗಳ ವಿಶೇಷ ಗುರುತುಗಳು

ಓವರ್ಲೇ2 ಚಾಲಕವು ಲಿನಕ್ಸ್ ಕರ್ನಲ್‌ನ ಓವರ್ಲೇ ಕಡತ ವ್ಯವಸ್ಥೆಯನ್ನು ಆಧರಿಸಿದೆ. ಈ ಕಡತ ವ್ಯವಸ್ಥೆ 2014ರ ಡಿಸೆಂಬರ್‌ನಲ್ಲಿ ಬಂದ 3.18 ಕರ್ನಲ್‌ಗೆ ಸೇರ್ಪಡೆಯಾಯಿತು. ಇದು ಕೆಳಗಿನ ಓದಬಲ್ಲ ಪದರಗಳನ್ನೂ ಮೇಲಿನ ಬರೆಯಬಲ್ಲ ಪದರವನ್ನೂ ಬೆರೆಸಿ ಒಂದೇ ಕಡತ ವ್ಯವಸ್ಥೆಯಂತೆ ತೋರಿಸುತ್ತದೆ.

ಕೆಳಗಿನ ಪದರವನ್ನು ಬದಲಿಸುವಂತಿಲ್ಲ. ಹಾಗಾಗಿ ಅಲ್ಲಿರುವ ಒಂದು ಕಡತವನ್ನು ಕಂಟೇನರ್ ಅಳಿಸಿದಾಗ, ಮೇಲಿನ ಪದರದಲ್ಲಿ ಅದೇ ಹೆಸರಿನ ಒಂದು ಗುರುತನ್ನು ಇಡಲಾಗುತ್ತದೆ. ಇದು ಸಾಮಾನ್ಯ ಕಡತವಲ್ಲ. 0/0 ಸಂಖ್ಯೆಯ ಅಕ್ಷರ ಸಾಧನ ಕಡತ. ಒಂದು ಕಡತಕೋಶವನ್ನು ಇಡಿಯಾಗಿ ಅಳಿಸಿ ಅದೇ ಹೆಸರಿನಲ್ಲಿ ಹೊಸದನ್ನು ಸೃಷ್ಟಿಸಿದಾಗ, ಕೆಳಗಿನದು ಕಾಣಬಾರದು ಎಂಬ ಸೂಚನೆ ವಿಸ್ತೃತ ಗುಣಲಕ್ಷಣದ ರೂಪದಲ್ಲಿ ಬರೆಯಲ್ಪಡುತ್ತದೆ. ಈ ಸೂಚನೆಯನ್ನು ರೂಟ್ ಬಳಕೆದಾರ ಮಾತ್ರ ಓದಬಹುದು.

ನಕಲು ಮಾಡುವಾಗ ಈ ಗುರುತುಗಳು ಬಿಟ್ಟುಹೋದರೆ, ಅಳಿಸಿದ್ದ ಕಡತಗಳು ಕಂಟೇನರ್‌ನ ಒಳಗೆ ಮತ್ತೆ ಕಾಣಿಸಿಕೊಳ್ಳುತ್ತವೆ. ಯಾವ ದೋಷ ಸಂದೇಶವೂ ಬರುವುದಿಲ್ಲ. ತೆಗೆದುಹಾಕಿದ್ದ ಸಂರಚನಾ ಕಡತವೊಂದು ಹೀಗೆ ಮರಳಿ ಜಾರಿಗೆ ಬಂದರೆ ಕಾರಣವನ್ನು ಹುಡುಕುವುದು ಕಷ್ಟ.

## ಸ್ಥಳಾಂತರದ ಕಾರಣಗಳು

ಮೂಲ ಪಾರ್ಟಿಷನ್ ತುಂಬುವುದು ಮುಖ್ಯ ಕಾರಣ. ಹಾಗಾದಾಗ ಡಾಕರ್ ಮಾತ್ರವಲ್ಲದೆ ಇಡೀ ಗಣಕಯಂತ್ರ ತೊಂದರೆಗೊಳಗಾಗುತ್ತದೆ. ದತ್ತಸಂಚಯಗಳು ಬರೆಯುವುದನ್ನು ನಿಲ್ಲಿಸುತ್ತವೆ, ತಂತ್ರಾಂಶಗಳ ನವೀಕರಣ ಅರ್ಧಕ್ಕೆ ನಿಲ್ಲುತ್ತದೆ, ವ್ಯವಸ್ಥೆಯ ಲಾಗ್‌ಗಳು ಬರೆಯಲ್ಪಡುವುದಿಲ್ಲ. ಇದಲ್ಲದೆ ವೇಗದ ಎಸ್‌ಎಸ್‌ಡಿಗೆ ಸಾಗಿಸುವುದು, ಕಾರ್ಯಾಚರಣ ವ್ಯವಸ್ಥೆ ಮತ್ತು ದತ್ತಾಂಶವನ್ನು ಬೇರ್ಪಡಿಸುವುದು, ಗೂಢಲಿಪೀಕರಿಸಿದ ಡಿಸ್ಕಿನಲ್ಲಿ ಇರಿಸುವುದು ಮುಂತಾದ ಉದ್ದೇಶಗಳೂ ಇರುತ್ತವೆ.

ಜಾಗವಿದ್ದರೂ ಡಿಸ್ಕ್ ತುಂಬಿದೆ ಎಂಬ ಸಂದೇಶ ಬರುವುದುಂಟು. ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಎಷ್ಟು ಕಡತಗಳನ್ನು ಇರಿಸಬಹುದು ಎಂಬುದು ಅದನ್ನು ಸಿದ್ಧಪಡಿಸುವಾಗಲೇ ಐನೋಡ್‌ಗಳ ಸಂಖ್ಯೆಯಿಂದ ನಿಗದಿಯಾಗುತ್ತದೆ. ಪದರಗಳಲ್ಲಿ ಲಕ್ಷಾಂತರ ಸಣ್ಣ ಕಡತಗಳಿರಬಹುದಾದ್ದರಿಂದ ಐನೋಡ್‌ಗಳು ಜಾಗಕ್ಕಿಂತ ಮೊದಲೇ ತೀರಬಹುದು. ಡಿಎಫ್ ಆಜ್ಞೆಯನ್ನು ಐ ಆಯ್ಕೆಯೊಂದಿಗೆ ನಡೆಸಿದರೆ ಇದು ತಿಳಿಯುತ್ತದೆ.

### ಸ್ಥಳಾಂತರಕ್ಕೆ ಮೊದಲು ಸ್ವಚ್ಛತೆ

ಹಲವು ಸಂದರ್ಭಗಳಲ್ಲಿ ಸ್ಥಳಾಂತರದ ಅಗತ್ಯವೇ ಇರುವುದಿಲ್ಲ. ‘ಡಾಕರ್ ಸಿಸ್ಟಮ್ ಡಿಎಫ್’ ಆಜ್ಞೆಯು ಇಮೇಜ್, ಕಂಟೇನರ್, ವಾಲ್ಯೂಮ್ ಹಾಗೂ ಬಿಲ್ಡ್ ಸಂಗ್ರಹ ಎಷ್ಟೆಷ್ಟು ಜಾಗ ಹಿಡಿದಿವೆ, ಎಷ್ಟನ್ನು ಮರಳಿ ಪಡೆಯಬಹುದು ಎಂಬುದನ್ನು ತೋರಿಸುತ್ತದೆ. ಡಾಕರ್ ನಡೆಯುತ್ತಿರುವಾಗ ದತ್ತಾಂಶ ಕೋಶವನ್ನು ಡಿಯು ಆಜ್ಞೆಯಿಂದ ಅಳೆದರೆ, ಬೆರೆತ ಪದರಗಳು ಎರಡೆರಡು ಬಾರಿ ಲೆಕ್ಕಕ್ಕೆ ಬಂದು ನಿಜಕ್ಕಿಂತ ಹೆಚ್ಚಿನ ಸಂಖ್ಯೆ ಸಿಗಬಹುದು.

‘ಡಾಕರ್ ಸಿಸ್ಟಮ್ ಪ್ರೂನ್’ ಆಜ್ಞೆಯು ನಿಂತಿರುವ ಕಂಟೇನರ್‌ಗಳು, ಬಳಕೆಯಲ್ಲಿಲ್ಲದ ಜಾಲಗಳು, ಹೆಸರಿಲ್ಲದ ಇಮೇಜ್‌ಗಳು ಮತ್ತು ಬಿಲ್ಡ್ ಸಂಗ್ರಹವನ್ನು ಅಳಿಸುತ್ತದೆ. ಪ್ರತ್ಯೇಕವಾಗಿ ಕೇಳದ ಹೊರತು ಅದು ವಾಲ್ಯೂಮ್‌ಗಳನ್ನು ಮುಟ್ಟುವುದಿಲ್ಲ. ಆದರೆ ನಿಂತಿರುವ ಕಂಟೇನರ್‌ನ ಒಳಗೆ ಬರೆದ ದತ್ತಾಂಶ ಈ ಆಜ್ಞೆಯಿಂದ ಶಾಶ್ವತವಾಗಿ ಹೋಗುತ್ತದೆ.

ಲಾಗ್ ಕಡತಗಳು ಜಾಗ ನುಂಗುವ ಇನ್ನೊಂದು ಮೂಲ. ಪೂರ್ವನಿಯೋಜಿತವಾದ ಜೇಸನ್-ಫೈಲ್ ಲಾಗ್ ಚಾಲಕಕ್ಕೆ ಗಾತ್ರದ ಮಿತಿಯನ್ನು ಬಳಕೆದಾರರೇ ಹೇಳಬೇಕು; ಹೇಳದಿದ್ದರೆ ಲಾಗ್ ಬೆಳೆಯುತ್ತಲೇ ಹೋಗುತ್ತದೆ. ಮ್ಯಾಕ್ಸ್-ಸೈಜ್ ಮತ್ತು ಮ್ಯಾಕ್ಸ್-ಫೈಲ್ ಆಯ್ಕೆಗಳಿಂದ ಇದನ್ನು ನಿಯಂತ್ರಿಸಬಹುದು. ಲೋಕಲ್ ಎಂಬ ಇನ್ನೊಂದು ಚಾಲಕವು ಪ್ರತಿ ಕಂಟೇನರ್‌ಗೆ 20 ಎಂಬಿಯ 5 ಕಡತಗಳ ಮಿತಿಯನ್ನು ತಾನಾಗಿಯೇ ಪಾಲಿಸುತ್ತದೆ. ಮಿತಿಯಿಲ್ಲದ ಲಾಗ್ ಇರುವಾಗ ದೊಡ್ಡ ಡಿಸ್ಕಿಗೆ ಸಾಗಿಸಿದರೆ ಸಮಸ್ಯೆ ಮುಂದೂಡಲ್ಪಡುತ್ತದೆಯೇ ಹೊರತು ಪರಿಹಾರವಾಗುವುದಿಲ್ಲ.

## ಹೊಸ ಸ್ಥಳದ ಆಯ್ಕೆ

ಹೊಸ ಸ್ಥಳವು ಲಿನಕ್ಸ್‌ನ ಅನುಮತಿ ಹಾಗೂ ವಿಸ್ತೃತ ಗುಣಲಕ್ಷಣಗಳನ್ನು ಪೂರ್ಣವಾಗಿ ಬೆಂಬಲಿಸುವ ಕಡತ ವ್ಯವಸ್ಥೆಯಲ್ಲಿರಬೇಕು. ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್ ಸಾಮಾನ್ಯ ಆಯ್ಕೆಗಳು. ಎಕ್ಸ್‌ಎಫ್‌ಎಸ್ ಅನ್ನು ಎಫ್‌ಟೈಪ್=1 ಆಯ್ಕೆಯೊಂದಿಗೆ ಸಿದ್ಧಪಡಿಸಿರಬೇಕು; ಇಲ್ಲದಿದ್ದರೆ ಓವರ್ಲೇ2 ಕೆಲಸ ಮಾಡುವುದಿಲ್ಲ, ಮತ್ತು ಈ ಗುಣವನ್ನು ನಂತರ ಬದಲಿಸಲು ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡಬೇಕಾಗುತ್ತದೆ.

ಪೆನ್ ಡ್ರೈವ್ ಮತ್ತು ಹೊರಗಿನ ಹಾರ್ಡ್ ಡಿಸ್ಕ್‌ಗಳಲ್ಲಿ ಸಾಮಾನ್ಯವಾದ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಲಿನಕ್ಸ್ ಮಾಲೀಕತ್ವವನ್ನು ದಾಖಲಿಸಲಾರವು. ಆದ್ದರಿಂದ ಅವು ಈ ಕೆಲಸಕ್ಕೆ ಒದಗುವುದಿಲ್ಲ. ಎನ್‌ಟಿಎಫ್‌ಎಸ್ ಸಹ ಸೂಕ್ತವಲ್ಲ. ಜಾಲದ ಮೂಲಕ ಬಳಸುವ ಎನ್‌ಎಫ್‌ಎಸ್ ಓವರ್ಲೇಯ ಬರೆಯಬಲ್ಲ ಪದರಕ್ಕೆ ತಕ್ಕದ್ದಲ್ಲ.

ಹೊಸ ಕಡತಕೋಶದ ಮಾಲೀಕ ರೂಟ್ ಬಳಕೆದಾರನೇ ಆಗಿರಬೇಕು ಮತ್ತು ಇತರರಿಗೆ ಒಳಹೊಗಲು ಅನುಮತಿ ಇರಬಾರದು. ದತ್ತಾಂಶ ಕೋಶದ ಅನುಮತಿಗಳು ಸಡಿಲವಾಗಿದ್ದ ಕಾರಣ ಸಾಮಾನ್ಯ ಬಳಕೆದಾರರು ಕಂಟೇನರ್‌ಗಳ ಒಳಗಿನ ಕಾರ್ಯಕ್ರಮಗಳನ್ನು ನಡೆಸಬಹುದಾಗಿದ್ದ ಭದ್ರತಾ ದೋಷವೊಂದನ್ನು 2021ರಲ್ಲಿ 20.10.9 ಆವೃತ್ತಿಯಲ್ಲಿ ಸರಿಪಡಿಸಲಾಯಿತು. ಎಲ್ಲರಿಗೂ ತೆರೆದ ಕಡತಕೋಶವನ್ನು ಕೈಯಾರೆ ಸೃಷ್ಟಿಸಿದರೆ ಅಂಥದೇ ಅಪಾಯ ಮರಳಬಹುದು.

## ವಿಧಾನ

ಕೆಳಗಿನ ವಿವರಣೆಯಲ್ಲಿ ಹೊಸ ಡಿಸ್ಕನ್ನು /ಡೇಟಾ ಎಂಬಲ್ಲಿ ಜೋಡಿಸಲಾಗಿದೆ, ಹೊಸ ದತ್ತಾಂಶ ಕೋಶ /ಡೇಟಾ/ಡಾಕರ್ ಎಂದು ಭಾವಿಸಲಾಗಿದೆ. ಎಲ್ಲ ಆಜ್ಞೆಗಳನ್ನೂ ರೂಟ್ ಅಧಿಕಾರದೊಂದಿಗೆ ನಡೆಸಬೇಕು.

### ಪೂರ್ವಸಿದ್ಧತೆ

‘ಡಾಕರ್ ಇನ್ಫೊ’ ಆಜ್ಞೆಯ ಉತ್ತರದಲ್ಲಿ ‘ಡಾಕರ್ ರೂಟ್ ಡಿರ್’ ಎಂಬ ಸಾಲು ಈಗಿನ ಸ್ಥಾನವನ್ನೂ ‘ಸ್ಟೋರೇಜ್ ಡ್ರೈವರ್’ ಎಂಬ ಸಾಲು ಚಾಲಕವನ್ನೂ ತಿಳಿಸುತ್ತದೆ. ಇವನ್ನು ಬರೆದಿಟ್ಟುಕೊಳ್ಳಬೇಕು. ನಡೆಯುತ್ತಿರುವ ಕಂಟೇನರ್‌ಗಳು, ಇಮೇಜ್‌ಗಳು ಮತ್ತು ವಾಲ್ಯೂಮ್‌ಗಳ ಪಟ್ಟಿಯನ್ನೂ ಒಂದು ಕಡತದಲ್ಲಿ ಉಳಿಸಿಕೊಂಡರೆ ಕೊನೆಯಲ್ಲಿ ಹೋಲಿಸಿ ನೋಡಬಹುದು.

ವಾಲ್ಯೂಮ್‌ಗಳಲ್ಲಿರುವ ದತ್ತಸಂಚಯಗಳ ಪ್ರತ್ಯೇಕ ಬ್ಯಾಕಪ್ ತೆಗೆದುಕೊಳ್ಳುವುದು ಅಗತ್ಯ. ಪೋಸ್ಟ್‌ಗ್ರೆಸ್‌ಕ್ಯುಎಲ್‌ನಲ್ಲಿ ಪಿಜಿ ಡಂಪ್, ಮೈಎಸ್‌ಕ್ಯುಎಲ್‌ನಲ್ಲಿ ಮೈಎಸ್‌ಕ್ಯುಎಲ್ ಡಂಪ್ ಇದಕ್ಕೆ ಬಳಕೆಯಾಗುತ್ತವೆ. ಈ ಬ್ಯಾಕಪ್ ಹಳೆಯ ಮತ್ತು ಹೊಸ ಡಿಸ್ಕ್ ಎರಡರಿಂದಲೂ ಬೇರೆಯಾದ ಜಾಗದಲ್ಲಿರಬೇಕು.

### ಸೇವೆಯ ನಿಲುಗಡೆ

ಸಿಸ್ಟಮ್‌ಡಿ ಬಳಸುವ ವಿತರಣೆಗಳಲ್ಲಿ ಡಾಕರ್ ಸೇವೆಯೊಂದಿಗೆ ಡಾಕರ್.ಸಾಕೆಟ್ ಎಂಬ ಇನ್ನೊಂದು ಘಟಕವೂ ಇರುತ್ತದೆ. ಯಾರಾದರೂ ಡಾಕರ್ ಆಜ್ಞೆ ನಡೆಸಿದ ಕೂಡಲೇ ಸೇವೆಯನ್ನು ಎಚ್ಚರಿಸುವುದು ಇದರ ಕೆಲಸ. ಸೇವೆಯನ್ನು ಮಾತ್ರ ನಿಲ್ಲಿಸಿ ಸಾಕೆಟ್ ಹಾಗೇ ಬಿಟ್ಟರೆ, ನಕಲು ನಡೆಯುತ್ತಿರುವಾಗಲೇ ಡಾಕರ್ ಮತ್ತೆ ಆರಂಭವಾಗಬಹುದು. ಆದ್ದರಿಂದ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಆಜ್ಞೆಗೆ ಎರಡೂ ಘಟಕಗಳ ಹೆಸರು ಕೊಡಬೇಕು.

ಸಂರಚನೆಯಲ್ಲಿ ಲೈವ್-ರಿಸ್ಟೋರ್ ಆಯ್ಕೆ ಜಾರಿಯಲ್ಲಿದ್ದರೆ, ಡಾಕರ್ ಸೇವೆ ನಿಂತರೂ ಕಂಟೇನರ್‌ಗಳು ನಡೆಯುತ್ತಲೇ ಇರುತ್ತವೆ. ಅಂಥ ಗಣಕಯಂತ್ರದಲ್ಲಿ ಮೊದಲು ಕಂಟೇನರ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನಂತರ ಸೇವೆಯನ್ನು ನಿಲ್ಲಿಸಬೇಕು. ಕೈಯಾರೆ ನಿಲ್ಲಿಸಿದ ಕಂಟೇನರ್‌ಗಳ ಪೈಕಿ, ಮರು ಆರಂಭದ ನೀತಿ ‘ಆಲ್ವೇಸ್’ ಎಂದಿರುವವು ಸೇವೆ ಮರಳಿದಾಗ ತಾವಾಗಿಯೇ ಆರಂಭವಾಗುತ್ತವೆ. ‘ಅನ್‌ಲೆಸ್-ಸ್ಟಾಪ್ಡ್’ ಎಂದಿರುವವು ಆಗುವುದಿಲ್ಲ. ಮೊದಲು ಬರೆದಿಟ್ಟ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮೌಂಟ್ ಆಜ್ಞೆಯ ಉತ್ತರದಲ್ಲಿ ಹಳೆಯ ದತ್ತಾಂಶ ಕೋಶದ ಅಡಿಯ ಓವರ್ಲೇ ಜೋಡಣೆಗಳು ಯಾವುವೂ ಉಳಿದಿಲ್ಲ ಎಂದು ನೋಡಿಕೊಂಡರೆ ನಿಲುಗಡೆ ಪೂರ್ಣವಾಗಿದೆ ಎಂದು ತಿಳಿಯಬಹುದು. ದತ್ತಸಂಚಯ ಬರೆಯುತ್ತಿರುವಾಗ ತೆಗೆದ ನಕಲಿನಲ್ಲಿ ಕೆಲವು ಕಡತಗಳು ಹಿಂದಿನ ಕ್ಷಣದವೂ ಕೆಲವು ಮುಂದಿನ ಕ್ಷಣದವೂ ಆಗಿರುತ್ತವೆ. ಅಂಥ ನಕಲು ಮೇಲ್ನೋಟಕ್ಕೆ ಪೂರ್ಣವಾಗಿ ಕಂಡರೂ ಒಳಗೆ ಕೆಟ್ಟಿರಬಹುದು.

### ನಕಲು

ನಕಲಿಗೆ ಸಾಮಾನ್ಯವಾಗಿ ಆರ್‌ಸಿಂಕ್ ತಂತ್ರಾಂಶವನ್ನು ಬಳಸಲಾಗುತ್ತದೆ. ಅದರ ಅಗತ್ಯ ಆಯ್ಕೆಗಳು ಹೀಗಿವೆ:

* ಸಣ್ಣಕ್ಷರದ ಎ – ಮಾಲೀಕತ್ವ, ಅನುಮತಿ, ಸಮಯ, ಸಾಂಕೇತಿಕ ಕೊಂಡಿ ಮತ್ತು ಸಾಧನ ಕಡತಗಳನ್ನು ಕಾಪಾಡುತ್ತದೆ.
* ದೊಡ್ಡಕ್ಷರದ ಎಚ್ – ಒಂದೇ ಕಡತಕ್ಕೆ ಇರುವ ಹಲವು ಹಾರ್ಡ್ ಲಿಂಕ್‌ಗಳನ್ನು ಹಾಗೆಯೇ ಉಳಿಸುತ್ತದೆ. ಇಲ್ಲದಿದ್ದರೆ ಪ್ರತಿಯೊಂದೂ ಬೇರೆ ಕಡತವಾಗಿ ಹೆಚ್ಚು ಜಾಗ ಹಿಡಿಯುತ್ತದೆ.
* ದೊಡ್ಡಕ್ಷರದ ಎ – ಪ್ರವೇಶ ನಿಯಂತ್ರಣ ಪಟ್ಟಿಗಳನ್ನು ಉಳಿಸುತ್ತದೆ.
* ದೊಡ್ಡಕ್ಷರದ ಎಕ್ಸ್ – ಓವರ್ಲೇ ಸೂಚನೆಗಳೂ ಸೇರಿದಂತೆ ವಿಸ್ತೃತ ಗುಣಲಕ್ಷಣಗಳನ್ನು ಉಳಿಸುತ್ತದೆ.
* ನ್ಯೂಮೆರಿಕ್-ಐಡಿಎಸ್ – ಬಳಕೆದಾರರನ್ನು ಹೆಸರಿನ ಬದಲು ಸಂಖ್ಯೆಯಿಂದಲೇ ಗುರುತಿಸುತ್ತದೆ.

ಕೊನೆಯ ಆಯ್ಕೆ ವಿಶೇಷವಾಗಿ ಬೇರೊಂದು ಗಣಕಯಂತ್ರಕ್ಕೆ ಸಾಗಿಸುವಾಗ ಮುಖ್ಯ. ಕಂಟೇನರ್‌ನ ಒಳಗಿನ ಬಳಕೆದಾರ ಸಂಖ್ಯೆಗೂ ಹೊರಗಿನ ಗಣಕಯಂತ್ರದಲ್ಲಿ ಅದೇ ಸಂಖ್ಯೆಗಿರುವ ಹೆಸರಿಗೂ ಸಂಬಂಧವಿರಬೇಕಾಗಿಲ್ಲ. ಡೆಬಿಯನ್ ಆಧಾರಿತ ಅಧಿಕೃತ ಪೋಸ್ಟ್‌ಗ್ರೆಸ್ ಇಮೇಜ್‌ನಲ್ಲಿ ದತ್ತಸಂಚಯದ ಮಾಲೀಕನ ಸಂಖ್ಯೆ 999. ಆ ಮಾಲೀಕತ್ವ ತಪ್ಪಿದರೆ ಪೋಸ್ಟ್‌ಗ್ರೆಸ್‌ಕ್ಯುಎಲ್ ಆರಂಭವಾಗಲು ನಿರಾಕರಿಸುತ್ತದೆ. ನಕಲಿನ ನಂತರ ಎಲ್ಲ ಕಡತಗಳ ಮಾಲೀಕತ್ವವನ್ನು ಒಟ್ಟಾಗಿ ರೂಟ್‌ಗೆ ಬದಲಿಸುವುದು, ಅಥವಾ ಎಲ್ಲರಿಗೂ ಎಲ್ಲ ಅನುಮತಿ ಕೊಡುವುದು ಇದೇ ಕಾರಣಕ್ಕೆ ಗಂಭೀರ ತಪ್ಪು.

ಆರ್‌ಸಿಂಕ್ ಆಜ್ಞೆಯಲ್ಲಿ ಮೂಲ ಕಡತಕೋಶದ ಹೆಸರಿನ ಕೊನೆಯ ಓರೆಗೆರೆಗೆ ಅರ್ಥವಿದೆ. ಓರೆಗೆರೆ ಇದ್ದರೆ ಕಡತಕೋಶದ ಒಳಗಿರುವುದು ಮಾತ್ರ ಸಾಗುತ್ತದೆ. ಇಲ್ಲದಿದ್ದರೆ ಕಡತಕೋಶವೇ ಸಾಗಿ, /ಡೇಟಾ/ಡಾಕರ್‌ನ ಒಳಗೆ ಇನ್ನೊಂದು ಡಾಕರ್ ಕೋಶ ಸೃಷ್ಟಿಯಾಗುತ್ತದೆ. ಆಗ ಡಾಕರ್ ಖಾಲಿ ಕೋಶವನ್ನು ಕಂಡಂತೆ ವರ್ತಿಸುತ್ತದೆ.

ದತ್ತಾಂಶ ಹೆಚ್ಚಿದ್ದು ನಿಲುಗಡೆಯ ಅವಧಿಯನ್ನು ಕಡಿಮೆ ಮಾಡಬೇಕಾದರೆ ನಕಲನ್ನು ಎರಡು ಸುತ್ತಿನಲ್ಲಿ ಮಾಡಬಹುದು. ಡಾಕರ್ ನಡೆಯುತ್ತಿರುವಾಗಲೇ ಮೊದಲ ಸುತ್ತನ್ನು ನಡೆಸಿ, ಸೇವೆಯನ್ನು ನಿಲ್ಲಿಸಿದ ಮೇಲೆ ಡಿಲೀಟ್ ಆಯ್ಕೆಯೊಂದಿಗೆ ಎರಡನೆಯ ಸುತ್ತನ್ನು ನಡೆಸಿದರೆ, ಬದಲಾದ ಭಾಗ ಮಾತ್ರ ಸಾಗುತ್ತದೆ. ಬೆರೆತ ಪದರಗಳೂ ನಕಲಾಗದಂತೆ ಮೊದಲ ಸುತ್ತಿನಲ್ಲಿ ಸಣ್ಣಕ್ಷರದ ಎಕ್ಸ್ ಆಯ್ಕೆಯನ್ನು ಸೇರಿಸಲಾಗುತ್ತದೆ. ಮೊದಲ ಸುತ್ತಿನ ಪ್ರತಿಯನ್ನೇ ಅಂತಿಮವೆಂದು ಬಳಸುವಂತಿಲ್ಲ.

ಬಿಟಿಆರ್‌ಎಫ್‌ಎಸ್ ಮತ್ತು ಜೆಡ್‌ಎಫ್‌ಎಸ್ ಚಾಲಕಗಳು ಪದರಗಳನ್ನು ಆಯಾ ಕಡತ ವ್ಯವಸ್ಥೆಯ ಉಪವಿಭಾಗಗಳಾಗಿ ಇರಿಸುವುದರಿಂದ ಅವುಗಳಿಗೆ ಈ ರೀತಿಯ ನಕಲು ಸಾಲದು.

### ಸಂರಚನೆ

ಡಾಕರ್‌ನ ಸಂರಚನಾ ಕಡತ /ಇಟಿಸಿ/ಡಾಕರ್/ಡೀಮನ್.ಜೇಸನ್. ಅದು ಇಲ್ಲದಿದ್ದರೆ ಸೃಷ್ಟಿಸಬೇಕು. ಇದ್ದರೆ ಈಗಿರುವ ಆಯ್ಕೆಗಳ ಜೊತೆಗೆ ಕೆಳಗಿನ ಸಾಲನ್ನು ಸೇರಿಸಬೇಕು:

    {
      "ಡೇಟಾ-ರೂಟ್": "/ಡೇಟಾ/ಡಾಕರ್"
    }

ಜೇಸನ್ ವಿನ್ಯಾಸದಲ್ಲಿ ಎರಡು ಆಯ್ಕೆಗಳ ನಡುವೆ ಅಲ್ಪವಿರಾಮ ಬೇಕು, ಕೊನೆಯ ಆಯ್ಕೆಯ ನಂತರ ಇರಬಾರದು. ಈ ನಿಯಮ ತಪ್ಪಿದರೆ ಡಾಕರ್ ಆರಂಭವಾಗುವುದಿಲ್ಲ. ಇತ್ತೀಚಿನ ಆವೃತ್ತಿಗಳಲ್ಲಿ ‘ಡಾಕರ್‌ಡಿ’ ಆಜ್ಞೆಗೆ ವ್ಯಾಲಿಡೇಟ್ ಆಯ್ಕೆ ಕೊಟ್ಟು ಕಡತವನ್ನು ಮೊದಲೇ ಪರೀಕ್ಷಿಸಬಹುದು. ಅದೇ ಆಯ್ಕೆಯನ್ನು ಸಿಸ್ಟಮ್‌ಡಿ ಸೇವೆಯ ಆಜ್ಞಾ ಸಾಲಿನಲ್ಲೂ ಜೇಸನ್ ಕಡತದಲ್ಲೂ ಕೊಟ್ಟಿದ್ದರೆ ಡಾಕರ್ ಅದನ್ನು ಘರ್ಷಣೆಯೆಂದು ಪರಿಗಣಿಸಿ ನಿಲ್ಲುತ್ತದೆ. ಆದ್ದರಿಂದ ಒಂದು ಕಡೆ ಮಾತ್ರ ಬರೆಯಬೇಕು.

### ಪರಿಶೀಲನೆ

ಸೇವೆಯನ್ನು ಆರಂಭಿಸುವ ಮೊದಲು ಹಳೆಯ ಕಡತಕೋಶಕ್ಕೆ ಡಾಕರ್.ಹಳೆಯ ಎಂಬಂತೆ ಬೇರೆ ಹೆಸರು ಕೊಡುವುದು ವಾಡಿಕೆ. ಇದರಿಂದ ಡಾಕರ್ ತಿಳಿಯದಂತೆ ಹಳೆಯ ಪ್ರತಿಯನ್ನೇ ಬಳಸುತ್ತಿರುವ ಸಾಧ್ಯತೆ ಇಲ್ಲವಾಗುತ್ತದೆ.

ಆರಂಭದ ನಂತರ ‘ಡಾಕರ್ ಇನ್ಫೊ’ ಹೊಸ ಸ್ಥಾನವನ್ನು ತೋರಿಸಬೇಕು ಮತ್ತು ಚಾಲಕದ ಹೆಸರು ಮೊದಲಿನದೇ ಆಗಿರಬೇಕು. ಚಾಲಕ ಬದಲಾಗಿದ್ದರೆ ಹಳೆಯ ಇಮೇಜ್ ಮತ್ತು ಕಂಟೇನರ್‌ಗಳು ಡಿಸ್ಕಿನಲ್ಲಿದ್ದರೂ ಪಟ್ಟಿಯಲ್ಲಿ ಕಾಣುವುದಿಲ್ಲ. ಇಮೇಜ್, ಕಂಟೇನರ್ ಹಾಗೂ ವಾಲ್ಯೂಮ್‌ಗಳ ಪಟ್ಟಿಯನ್ನು ಮೊದಲು ಉಳಿಸಿದ್ದರೊಂದಿಗೆ ಹೋಲಿಸಬೇಕು. ಅನ್ವಯ ತಂತ್ರಾಂಶಗಳನ್ನು ತೆರೆದು ನೈಜ ದತ್ತಾಂಶ ಓದಲು ಮತ್ತು ಬರೆಯಲು ಬರುತ್ತದೆಯೇ ಎಂದೂ ನೋಡಬೇಕು. ಕೊನೆಯದಾಗಿ ಗಣಕಯಂತ್ರವನ್ನೇ ಒಮ್ಮೆ ಮರು ಆರಂಭಿಸಿ ಈ ಪರಿಶೀಲನೆಯನ್ನು ಪುನರಾವರ್ತಿಸಬೇಕು. ಹಳೆಯ ಪ್ರತಿಯನ್ನು ಅಳಿಸುವುದು ಇದೆಲ್ಲ ಮುಗಿದ ಮೇಲೆ.

## ಡಿಸ್ಕ್ ಜೋಡಣೆಯಾಗದಾಗಿನ ಅಪಾಯ

ಸ್ಥಳಾಂತರ ಯಶಸ್ವಿಯಾದ ಎಷ್ಟೋ ದಿನಗಳ ನಂತರ ಎದುರಾಗಬಹುದಾದ ಅಪಾಯವೊಂದಿದೆ. ಗಣಕಯಂತ್ರ ಮರು ಆರಂಭವಾದಾಗ ಯಾವುದೋ ಕಾರಣದಿಂದ ಹೊಸ ಡಿಸ್ಕ್ ಜೋಡಣೆಯಾಗದಿದ್ದರೆ, /ಡೇಟಾ ಎಂಬುದು ಮೂಲ ಡಿಸ್ಕಿನ ಮೇಲಿನ ಖಾಲಿ ಕಡತಕೋಶವಾಗಿ ಉಳಿದಿರುತ್ತದೆ. ಡಾಕರ್ ಅಲ್ಲಿ ಹೊಸ ದತ್ತಾಂಶ ಕೋಶವನ್ನು ತಾನೇ ಸೃಷ್ಟಿಸಿಕೊಂಡು ದೋಷವಿಲ್ಲದೆ ಆರಂಭವಾಗುತ್ತದೆ. ಕಂಟೇನರ್‌ಗಳ ಪಟ್ಟಿ ಖಾಲಿಯಾಗಿರುತ್ತದೆ.

ಈ ಸ್ಥಿತಿಯಲ್ಲಿ ಎಲ್ಲವೂ ಅಳಿಸಿಹೋಗಿದೆ ಎಂದು ತಿಳಿದು ಕಾಂಪೋಸ್ ಮೂಲಕ ಕಂಟೇನರ್‌ಗಳನ್ನು ಮತ್ತೆ ಸೃಷ್ಟಿಸಿದರೆ, ಅದೇ ಹೆಸರಿನ ಖಾಲಿ ವಾಲ್ಯೂಮ್‌ಗಳು ಹುಟ್ಟುತ್ತವೆ. ಬಳಕೆದಾರರು ಅವುಗಳಲ್ಲಿ ಹೊಸ ದತ್ತಾಂಶ ಸೇರಿಸತೊಡಗುತ್ತಾರೆ. ಮುಂದೆ ನಿಜವಾದ ಡಿಸ್ಕ್ ಜೋಡಣೆಯಾಗಿ ಡಾಕರ್ ಮರು ಆರಂಭವಾದಾಗ ಹಳೆಯ ದತ್ತಾಂಶ ಮರಳುತ್ತದೆ, ನಡುವೆ ಬರೆದದ್ದು ಅದರ ಅಡಿಯಲ್ಲಿ ಮರೆಯಾಗುತ್ತದೆ. ಎರಡನ್ನೂ ಕೂಡಿಸುವುದು ಬಹಳ ಶ್ರಮದ ಕೆಲಸ.

ಇದನ್ನು ತಡೆಯಲು ಮೂರು ಕ್ರಮಗಳು ಬಳಕೆಯಲ್ಲಿವೆ:

* ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಡಿಸ್ಕನ್ನು ಬದಲಾಗಬಹುದಾದ ಸಾಧನದ ಹೆಸರಿನ ಬದಲು ಯುಯುಐಡಿ ಎಂಬ ವಿಶಿಷ್ಟ ಸಂಖ್ಯೆಯಿಂದ ನಮೂದಿಸುವುದು.
* ಡಾಕರ್ ಸೇವೆಯ ಸಿಸ್ಟಮ್‌ಡಿ ಸಂರಚನೆಗೆ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಸೂಚನೆ ಸೇರಿಸುವುದು. ಆಗ ಎಫ್‌ಎಸ್‌ಟ್ಯಾಬ್‌ನಲ್ಲಿ ನಮೂದಾದ ಆ ಡಿಸ್ಕ್ ಜೋಡಣೆಯಾಗದ ಹೊರತು ಡಾಕರ್ ಆರಂಭವಾಗುವುದಿಲ್ಲ.
* ಡಿಸ್ಕ್ ಜೋಡಿಸುವ ಮೊದಲು ಖಾಲಿ /ಡೇಟಾ ಕೋಶಕ್ಕೆ ಸಿಎಚ್‌ಎಟಿಟಿಆರ್ ಆಜ್ಞೆಯಿಂದ ಬದಲಿಸಲಾಗದ ಗುಣವನ್ನು ಕೊಡುವುದು. ಡಿಸ್ಕ್ ಇಲ್ಲದಾಗ ಅಲ್ಲಿ ಯಾರೂ ಏನನ್ನೂ ಬರೆಯಲಾಗುವುದಿಲ್ಲ.

ಸೇವೆ ಆರಂಭವಾಗದೆ ನಿಲ್ಲುವುದು ಕಣ್ಣಿಗೆ ಬೀಳುವ ದೋಷ. ಖಾಲಿ ಕೋಶದೊಂದಿಗೆ ಆರಂಭವಾಗುವುದು ಮರೆಯಲ್ಲಿರುವ ದೋಷ. ಮೇಲಿನ ಕ್ರಮಗಳಲ್ಲಿ ಕೊನೆಯ ಎರಡು ಈ ಎರಡನೆಯದನ್ನು ಮೊದಲನೆಯದಾಗಿ ಮಾರ್ಪಡಿಸುತ್ತವೆ.

## ಎಸ್‌ಇಲಿನಕ್ಸ್

ಫೆಡೋರಾ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಮೊದಲಾದ ವಿತರಣೆಗಳಲ್ಲಿ ಎಸ್‌ಇಲಿನಕ್ಸ್ ಭದ್ರತಾ ವ್ಯವಸ್ಥೆ ಪ್ರತಿ ಕಡತಕ್ಕೂ ಒಂದು ಗುರುತುಚೀಟಿ ಅಂಟಿಸುತ್ತದೆ. /ವಾರ್/ಲಿಬ್/ಡಾಕರ್‌ಗೆ ಅನ್ವಯಿಸುವ ನಿಯಮಗಳು ಹೊಸ ಸ್ಥಳಕ್ಕೆ ತಾವಾಗಿ ಅನ್ವಯಿಸುವುದಿಲ್ಲ. ಹೊಸ ಸ್ಥಳವು ಹಳೆಯದಕ್ಕೆ ಸಮಾನವೆಂದು ಸೆಮ್ಯಾನೇಜ್ ಆಜ್ಞೆಯಿಂದ ಘೋಷಿಸಿ, ರಿಸ್ಟೋರ್‌ಕಾನ್ ಆಜ್ಞೆಯಿಂದ ಗುರುತುಗಳನ್ನು ಹೊಂದಿಸಲಾಗುತ್ತದೆ. ಅನುಮತಿ ನಿರಾಕರಣೆಯ ದೋಷ ಕಂಡಾಗ ಎಸ್‌ಇಲಿನಕ್ಸ್ ಅನ್ನೇ ಸ್ಥಗಿತಗೊಳಿಸುವುದು ಸುಲಭ ದಾರಿಯಾದರೂ, ಅದರಿಂದ ಇಡೀ ಗಣಕಯಂತ್ರದ ರಕ್ಷಣೆ ಸಡಿಲವಾಗುತ್ತದೆ.

## ಕಂಟೇನರ್‌ಡಿ ಸಂಗ್ರಹ

ಡಾಕರ್ ತನ್ನ ಕಂಟೇನರ್‌ಗಳನ್ನು ನಡೆಸಲು ಕಂಟೇನರ್‌ಡಿ ಎಂಬ ಇನ್ನೊಂದು ತಂತ್ರಾಂಶವನ್ನು ಅವಲಂಬಿಸಿದೆ. ಕಂಟೇನರ್‌ಡಿ ಯೋಜನೆಯನ್ನು 2017ರಲ್ಲಿ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ಗೆ ಒಪ್ಪಿಸಲಾಯಿತು. ಇಮೇಜ್ ಮತ್ತು ಪದರಗಳನ್ನೂ ಕಂಟೇನರ್‌ಡಿಯೇ ನಿರ್ವಹಿಸುವ ವ್ಯವಸ್ಥೆಯೊಂದು ನಂತರ ಬಂದಿದ್ದು, 29ನೆಯ ಆವೃತ್ತಿಯಿಂದ ಹೊಸದಾಗಿ ಸ್ಥಾಪಿಸಿದ ಡಾಕರ್ ಎಂಜಿನ್‌ಗಳಲ್ಲಿ ಅದು ಪೂರ್ವನಿಯೋಜಿತವಾಗಿದೆ.

ಈ ವ್ಯವಸ್ಥೆಯಲ್ಲಿ ಇಮೇಜ್‌ಗಳು ಹಾಗೂ ಕಂಟೇನರ್‌ಗಳ ಪದರಗಳು /ವಾರ್/ಲಿಬ್/ಕಂಟೇನರ್‌ಡಿ ಎಂಬಲ್ಲಿರುತ್ತವೆ. ಡೇಟಾ-ರೂಟ್ ಆಯ್ಕೆ ಅದನ್ನು ಬದಲಿಸುವುದಿಲ್ಲ. ವಾಲ್ಯೂಮ್, ಲಾಗ್, ಕಂಟೇನರ್ ಸಂರಚನೆ ಮುಂತಾದವು ಮಾತ್ರ ಅದರ ವ್ಯಾಪ್ತಿಗೆ ಬರುತ್ತವೆ. ಡೇಟಾ-ರೂಟ್ ಬದಲಿಸಿದ ಮೇಲೂ ಮೂಲ ಡಿಸ್ಕ್ ತುಂಬುತ್ತಲೇ ಇದ್ದರೆ ಇದು ಕಾರಣವಾಗಿರಬಹುದು. ಕಂಟೇನರ್‌ಡಿ ಸಂಗ್ರಹವನ್ನು ಸಾಗಿಸಲು ಅದರ ಸೇವೆಯನ್ನೂ ನಿಲ್ಲಿಸಿ, ಕಡತಗಳನ್ನು ಮೇಲಿನ ರೀತಿಯಲ್ಲೇ ನಕಲು ಮಾಡಿ, /ಇಟಿಸಿ/ಕಂಟೇನರ್‌ಡಿ/ಕಾನ್ಫಿಗ್.ಟಾಮ್ಲ್ ಕಡತದಲ್ಲಿ ರೂಟ್ ಎಂಬ ಆಯ್ಕೆಯನ್ನು ಬದಲಿಸಬೇಕು.

## ಪರ್ಯಾಯ ವಿಧಾನಗಳು

* ನೇರ ಜೋಡಣೆ – ದತ್ತಾಂಶವನ್ನು ಹೊಸ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನೇ /ವಾರ್/ಲಿಬ್/ಡಾಕರ್ ಎಂಬಲ್ಲಿ ಜೋಡಿಸುವುದು. ಸ್ಥಾನದ ಹೆಸರು ಬದಲಾಗದ ಕಾರಣ ಡಾಕರ್ ಸಂರಚನೆಯಲ್ಲಾಗಲಿ ಎಸ್‌ಇಲಿನಕ್ಸ್ ನಿಯಮದಲ್ಲಾಗಲಿ ಬದಲಾವಣೆ ಬೇಕಿಲ್ಲ.
* ಬೈಂಡ್ ಜೋಡಣೆ – ಹೊಸ ಡಿಸ್ಕಿನ ಒಂದು ಕಡತಕೋಶವನ್ನು ಮಾತ್ರ ಹಳೆಯ ಹೆಸರಿನಲ್ಲಿ ಕಾಣಿಸುವಂತೆ ಮಾಡುವುದು. ಡಿಸ್ಕಿನ ಉಳಿದ ಭಾಗ ಬೇರೆ ಕೆಲಸಕ್ಕೆ ಸಿಗುತ್ತದೆ.
* ಸಾಂಕೇತಿಕ ಕೊಂಡಿ – ಹಳೆಯ ಸ್ಥಾನದಲ್ಲಿ ಹೊಸದಕ್ಕೆ ಕೊಂಡಿ ಇಡುವುದು. ಇದು ಕೆಲಸ ಮಾಡುತ್ತದೆಯಾದರೂ, ಕೊಂಡಿಯ ಇರವು ಸಂರಚನಾ ಕಡತದಲ್ಲಿ ಎಲ್ಲೂ ಕಾಣದ ಕಾರಣ ಮುಂದೆ ನಿರ್ವಹಣೆ ಮಾಡುವವರಿಗೆ ಗೊಂದಲವಾಗಬಹುದು.
* ಎಲ್‌ವಿಎಂ ವಿಸ್ತರಣೆ – 

ಮೂಲ ಪಾರ್ಟಿಷನ್ ಎಲ್‌ವಿಎಂ ವ್ಯವಸ್ಥೆಯಲ್ಲಿದ್ದರೆ ಹೊಸ ಡಿಸ್ಕನ್ನು ಅದಕ್ಕೇ ಸೇರಿಸಿ ಗಾತ್ರ ಹೆಚ್ಚಿಸಬಹುದು. ಆಗ ಸ್ಥಳಾಂತರವೇ ಬೇಡ.
* ವಾಲ್ಯೂಮ್‌ಗಳ ಮಾತ್ರ ಸಾಗಣೆ – ಇಮೇಜ್‌ಗಳನ್ನು ಮತ್ತೆ ಇಳಿಸಿಕೊಳ್ಳಲು ಸಾಧ್ಯವಿದ್ದರೆ, ವಾಲ್ಯೂಮ್‌ಗಳನ್ನು ಮಾತ್ರ ನಕಲು ಮಾಡಿ ಉಳಿದದ್ದನ್ನು ಹೊಸದಾಗಿ ಸೃಷ್ಟಿಸುವುದು. ಚಾಲಕವನ್ನೇ ಬದಲಿಸುವಾಗ ಇದು ಸೂಕ್ತ. ಎಲ್ಲೂ ದೊರೆಯದ ಇಮೇಜ್‌ಗಳನ್ನು ‘ಡಾಕರ್ ಸೇವ್’ ಆಜ್ಞೆಯಿಂದ ಕಡತವಾಗಿ ಉಳಿಸಿ ‘ಡಾಕರ್ ಲೋಡ್’ ಆಜ್ಞೆಯಿಂದ ಮರಳಿ ತರಬಹುದು.

## ಇತರ ಬಗೆಯ ಸ್ಥಾಪನೆಗಳು

ರೂಟ್ ಅಧಿಕಾರವಿಲ್ಲದೆ ನಡೆಯುವ ರೂಟ್‌ಲೆಸ್ ಡಾಕರ್ ತನ್ನ ದತ್ತಾಂಶವನ್ನು ಬಳಕೆದಾರರ ಮನೆಕೋಶದ ಒಳಗೆ .ಲೋಕಲ್/ಶೇರ್/ಡಾಕರ್ ಎಂಬಲ್ಲಿಯೂ ಸಂರಚನೆಯನ್ನು .ಕಾನ್ಫಿಗ್/ಡಾಕರ್ ಎಂಬಲ್ಲಿಯೂ ಇರಿಸುತ್ತದೆ. ಉಬುಂಟುವಿನ ಸ್ನ್ಯಾಪ್ ಮೂಲಕ ಸ್ಥಾಪಿಸಿದ ಡಾಕರ್ /ವಾರ್/ಸ್ನ್ಯಾಪ್ ಅಡಿಯ ಸ್ಥಳವನ್ನು ಬಳಸುತ್ತದೆ. ಡಾಕರ್ ಡೆಸ್ಕ್‌ಟಾಪ್ ತನ್ನ ದತ್ತಾಂಶವನ್ನು ಒಂದು ವರ್ಚುವಲ್ ಯಂತ್ರದ ಡಿಸ್ಕ್ ಕಡತದಲ್ಲಿ ಇರಿಸುವುದರಿಂದ ಅದರ ಸ್ಥಳಾಂತರವನ್ನು ಆ ತಂತ್ರಾಂಶದ ಸಂಯೋಜನೆಗಳ ಮೂಲಕ ಮಾಡಲಾಗುತ್ತದೆ.

ಪಾಡ್‌ಮ್ಯಾನ್ ಎಂಬ ಇನ್ನೊಂದು ಕಂಟೇನರ್ ಎಂಜಿನ್‌ನ ದತ್ತಾಂಶ ಕೋಶ /ವಾರ್/ಲಿಬ್/ಕಂಟೇನರ್ಸ್/ಸ್ಟೋರೇಜ್. ಅದನ್ನು ಬದಲಿಸುವ ಆಯ್ಕೆ ಸ್ಟೋರೇಜ್.ಕಾನ್ಫ್ ಕಡತದಲ್ಲಿದ್ದು, ಅದರ ಹೆಸರು ಗ್ರಾಫ್‌ರೂಟ್. ಡಾಕರ್‌ನಲ್ಲಿ ಮರೆಯಾದ ಗ್ರಾಫ್ ಎಂಬ ಪದ ಅಲ್ಲಿ ಇನ್ನೂ ಉಳಿದುಕೊಂಡಿದೆ.

## ಇವನ್ನೂ ನೋಡಿ

* ಡಾಕರ್
* ಲಿನಕ್ಸ್
* ಕಡತ ವ್ಯವಸ್ಥೆ
* ಸಿಸ್ಟಮ್‌ಡಿ
* ಮುಕ್ತ ತಂತ್ರಾಂಶ